ಪದಜಾತಿಗಳ ಸಂಜ್ಞಾವಿಚಾರ

೧

ಮುಳಬಾಗಿಲೆಂಬ ಊರಿನ ಹೆಸರು ‘ಮೂಡಲ ಬಾಗಿಲು’ ಎಂಬುದರ ರೂಪಾಂತರವೆಂಬುದು ಪ್ರಸಿದ್ಧವಾದ ಸಂಗತಿ. ಪೂರ್ವದಿಕ್ಕಿನ ಕಣಿವೆಗಳನ್ನು ಏರಿ ಮೈಸೂರು ಸೀಮೆಯ ಎತ್ತರದ ನೆಲವನ್ನು ಪ್ರವೇಶಿಸುವವರಿಗೆ ಆ ಸ್ಥಳವು ದ್ವಾರದಂತಿದ್ದುದರಿಂದ ಅದಕ್ಕೆ ಈ ಹೆಸರು ಸಂದಿತು. ವಿಜಯನಗರದ ಕಾಲದ ಶಾಸನಗಳಲ್ಲಿ ಈ ಪ್ರಾಂತವು ಮುಳುವಾಗಿಲ ರಾಜ್ಯವೆಂದು ಕರೆಯಲ್ಪಟ್ಟಿದೆ. ಈಗ ‘ಮೂಡಲ ಬಾಗಿಲು’ ಎಂಬ ಈ ಎರಡು ಮಾತುಗಳನ್ನು ಇಂಗ್ಲಿಷ್ ವ್ಯಾಕರಣವನ್ನು ಕಲಿತ ವಿದ್ಯಾರ್ಥಿಯೊಬ್ಬನ ಮುಂದಿಟ್ಟು, ಅವುಗಳಲ್ಲಿ ಮೊದಲನೆಯದು ಯಾವ ಜಾತಿಯ ಪದವೆಂದು ಕೇಳಿದರೆ, ಅದು ಆಡ್ಜೆಕ್ಟಿವ್, ಎಂದರೆ ವಿಶೇಷಣ, ಎಂದು ಅವನು ತಡವಿಲ್ಲದೆ ಹೇಳುವನು. ಪಾಣಿನೀಯವನ್ನು ಓದಿದವನು ಅದರ ಸಂಸ್ಕೃತ ಪ್ರತಿಶಬ್ದವಾದ ‘ಪೂರ್ವ’ವನ್ನು ನೆನೆದು, ಆ ಶಬ್ದವು ದಿಗ್ದೇಶಕಾಲಗಳ ವ್ಯವಸ್ಥೆಯನ್ನು ತಿಳಿಸುವಾಗ ಸರ್ವನಾಮವೆಂದು ಹೇಳುವನು. ಕೇಶಿರಾಜನ ಮಾರ್ಗದಲ್ಲಿ ನಡೆದವನಾದರೋ, ‘ಮೂಡಲ್’ ಎಂಬುದು ನಾಮಪ್ರಕೃತಿ, ಅದಕ್ಕೆ ಷಷ್ಠೀ ವಿಭಕ್ತಿಯ ಪ್ರತ್ಯಯವು ಸೇರಿದೆ, ಅಷ್ಟೇ ಎನ್ನುವನು.

ಮೂವರ ಉತ್ತರವೂ ಅವರವರ ಶಾಸ್ತ್ರಕ್ಕೆ ಸರಿಯಾದುದೇ. ಆದರೆ ಪಾಠಶಾಲೆಯ ಪರೀಕ್ಷೆಯಲ್ಲಿ ಒಂದು ಉತ್ತರಕ್ಕೆ ಮಾತ್ರ ಅಂಕಗಳು ದೊರೆಯುತ್ತವೆ. ಉಳಿದೆರಡನ್ನು ಬರೆದ ಬಾಲಕನು ಅಜ್ಞಾನಿಯೆಂದು ಎಣಿಸಲ್ಪಡುತ್ತಾನೆ. ಇದಕ್ಕೆ ಕಾರಣ ಬಾಲಕನ ಬುದ್ಧಿಮಾಂದ್ಯವಲ್ಲ. ಒಂದು ಶಾಸ್ತ್ರದ ಸಂಜ್ಞೆಗಳನ್ನು ಮತ್ತೊಂದು ಶಾಸ್ತ್ರದ ಅರ್ಥಗಳಿಗೆ ತೊಡಿಸಿ, ಹಾಗೆ ತೊಡಿಸಿದುದನ್ನು ಮರೆತುಬಿಟ್ಟುದೇ ಕಾರಣ. ಇಂಗ್ಲಿಷಿನ ಎಂಟು ಪದಜಾತಿಗಳಿಗೆ ಕನ್ನಡದಲ್ಲಿ ಈಗ ರೂಢಿಯಲ್ಲಿರುವ ಹೆಸರುಗಳು ಎಲ್ಲಿಂದ ಬಂದವು, ಬರುವಾಗ ಏನನ್ನು ಬಿಟ್ಟುಬಂದವು, ಅವುಗಳಿಂದ ಕನ್ನಡದ ಬೋಧನೆಗೆ ಆಗಿರುವ ಲಾಭನಷ್ಟಗಳೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯು ಈ ವಿಚಾರಕ್ಕೆ ಒಳ್ಳೆಯ ಒರೆಗಲ್ಲಾಗಿದೆ. ಏಕೆಂದರೆ ಪದಗಳನ್ನು ವಿಂಗಡಿಸುವ ನಾಲ್ಕೈದು ಸಂಪ್ರದಾಯಗಳು ಆ ಒಂದು ಸೀಮೆಯಲ್ಲಿ ಒಟ್ಟಿಗೆ ಸೇರಿವೆ.

೨

ಮೊದಲು ‘ಎಂಟು’ ಎಂಬ ಸಂಖ್ಯೆಯನ್ನು ನೋಡಬೇಕು. ಈ ಎಂಟು ಇಂಗ್ಲಿಷರ ಸೃಷ್ಟಿಯಲ್ಲ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಗ್ರೀಕ್ ವೈಯಾಕರಣನಾದ ಡಯೊನೀಸಿಯಸ್ ಥ್ರಾಕ್ಸನ ಹೆಸರಿನಲ್ಲಿ ಬಂದಿರುವ ಕಿರುಗ್ರಂಥದಲ್ಲಿ ವಾಕ್ಯದ ಭಾಗಗಳು ಎಂಟೆಂದು ಹೇಳಿದೆ: ನಾಮ, ಕ್ರಿಯೆ, ಇವೆರಡರ ಧರ್ಮವನ್ನೂ ಪಡೆದಿರುವ ಕೃದಂತ, ನಾಮದ ಜೊತೆಗೆ ಬರುವ ಆರ್ಟಿಕಲ್, ನಾಮದ ಬದಲಿಗೆ ನಿಲ್ಲುವ ಶಬ್ದ, ಮುಂದಿರಿಸುವ ಶಬ್ದ, ಕ್ರಿಯೆಯನ್ನು ವಿಶೇಷಿಸುವ ಶಬ್ದ, ಜೋಡಿಸುವ ಶಬ್ದ. ಈ ಪಟ್ಟಿಯಲ್ಲಿ ಗುಣವಾಚಕಕ್ಕೆ ಪ್ರತ್ಯೇಕ ಸ್ಥಾನವಿಲ್ಲ. ಅದು ನಾಮದಲ್ಲಿಯೇ ಅಂತರ್ಗತವಾಗಿತ್ತು. ಲ್ಯಾಟಿನಿನಲ್ಲಿ ಆರ್ಟಿಕಲ್ ಇಲ್ಲದ ಕಾರಣ ರೋಮಿನ ವೈಯಾಕರಣರು ಅದನ್ನು ತೆಗೆದುಹಾಕಿದರು. ಆದರೆ ಎಂಟೆಂಬ ಸಂಖ್ಯೆಯನ್ನು ಬಿಡಲು ಮನಸ್ಸಿಲ್ಲದೆ, ಹರ್ಷಶೋಕಾದಿಗಳ ಉದ್ಗಾರವನ್ನು ಬೇರೆಯಾಗಿ ಎಣಿಸಿ ಲೆಕ್ಕವನ್ನು ತುಂಬಿದರು. ಪ್ರಿಸ್ಕಿಯನ್ ಮೊದಲಾದವರ ಗ್ರಂಥಗಳ ಮೂಲಕ ಈ ಪದ್ಧತಿಯು ಯೂರೋಪಿನ ಪಾಠಶಾಲೆಗಳಲ್ಲೆಲ್ಲ ಹರಡಿತು.

ಇಂಗ್ಲಿಷ್ ವೈಯಾಕರಣರು ಲ್ಯಾಟಿನಿನ ಈ ಅಚ್ಚಿನಲ್ಲಿ ತಮ್ಮ ಭಾಷೆಯನ್ನು ಎರಕ ಹೊಯ್ದರು. ಹದಿನೆಂಟನೆಯ ಶತಮಾನದಲ್ಲಿ ಗುಣವಾಚಕವು ನಾಮದಿಂದ ಬೇರೆಯಾಗಿ ಸ್ವತಂತ್ರಜಾತಿಯಾಯಿತು. ಕೃದಂತವು ತನ್ನ ಸ್ಥಾನವನ್ನು ಕಳೆದುಕೊಂಡು ಕ್ರಿಯೆಯಲ್ಲಿ ಸೇರಿಹೋಯಿತು. ೧೭೯೫ರಲ್ಲಿ ಪ್ರಕಟವಾಗಿ ಬಹುಕಾಲ ಪ್ರಚಾರದಲ್ಲಿದ್ದ ಲಿಂಡ್ಲೆ ಮರ್ರೆಯ ವ್ಯಾಕರಣದಲ್ಲಿ ಜಾತಿಗಳು ಒಂಬತ್ತು. ಆರ್ಟಿಕಲನ್ನು ಗುಣವಾಚಕದೊಳಗೆ ಸೇರಿಸಿದಾಗ ಅವು ಮತ್ತೆ ಎಂಟಾದವು. ಹಿಂದೂದೇಶದ ಶಾಲೆಗಳಲ್ಲಿ ನೆಸ್‌ಫೀಲ್ಡ್ ಮೊದಲಾದವರ ಪುಸ್ತಕಗಳ ಮೂಲಕ ಬಾಲಕರ ಬಾಯಿಗೆ ಬಂದದ್ದು ಈ ಎಂಟು. ಹೀಗಿರಲು, ಸಂಖ್ಯೆಯೊಂದೇ ನಿಂತು ಅದರೊಳಗಿನ ಜಾತಿಗಳು ಕಾಲಕಾಲಕ್ಕೆ ಬದಲಾಗಿವೆ ಎಂಬುದು ಸ್ಪಷ್ಟ. ಎಂಟೆಂಬುದು ಭಾಷೆಯ ಸ್ವಭಾವದಿಂದ ಹುಟ್ಟಿದ ನಿಯಮವಲ್ಲ. ಗುರುಪರಂಪರೆಯಿಂದ ಬಂದ ವಾಡಿಕೆ. ಇಂಗ್ಲಿಷಿಗೇ ಹೀಗಾದ ಮೇಲೆ ಕನ್ನಡವು ಈ ಎಂಟಕ್ಕೆ ಕಟ್ಟುಬೀಳಬೇಕಾದ ಆವಶ್ಯಕತೆ ಏನಿದೆಯೆಂದು ಕೇಳುವುದು ಉದ್ಧಟತನವಾಗಲಾರದು.

೩

ಭಾರತೀಯ ಶಾಸ್ತ್ರಗಳಲ್ಲಿ ಪದವಿಭಾಗವು ಬೇರೆ ಬಗೆಯಾಗಿದೆ. ಯಾಸ್ಕನ ನಿರುಕ್ತದಲ್ಲಿ ಪದಜಾತಗಳು ನಾಲ್ಕು: ನಾಮ, ಆಖ್ಯಾತ, ಉಪಸರ್ಗ, ನಿಪಾತ. ಸತ್ತ್ವವು ಪ್ರಧಾನವಾದುದು ನಾಮ, ಭಾವವು ಪ್ರಧಾನವಾದುದು ಆಖ್ಯಾತ ಎಂಬುದು ಅಲ್ಲಿನ ವಿವೇಚನೆ. ಪಾಣಿನಿಯು ಇನ್ನೂ ಸಂಕ್ಷೇಪಿಸಿ, ಸುಪ್ ಪ್ರತ್ಯಯವು ಕೊನೆಯಲ್ಲಿರುವುದು ಒಂದು, ತಿಙ್ ಪ್ರತ್ಯಯವು ಕೊನೆಯಲ್ಲಿರುವುದು ಇನ್ನೊಂದು ಎಂದು ಪದವನ್ನು ಎರಡೇ ಬಗೆಯಾಗಿ ಮಾಡಿದನು. ಅವ್ಯಯಗಳಿಗೂ ಸುಪ್ ಪ್ರತ್ಯಯವು ಬಂದು ಲೋಪವಾಗುವುದೆಂಬ ವ್ಯವಸ್ಥೆಯಿರುವುದರಿಂದ ಅವೂ ಮೊದಲನೆಯ ಬಗೆಯಲ್ಲಿಯೇ ಅಡಗಿದವು.

ಕನ್ನಡದ ವೈಯಾಕರಣರು ಈ ದಾರಿಯನ್ನು ಹಿಡಿದು, ತಮ್ಮ ಭಾಷೆಯ ಮರ್ಯಾದೆಗೆ ತಕ್ಕಂತೆ ನಡೆದರು. ನಾಗವರ್ಮನ ಕಾವ್ಯಾವಲೋಕನದ ಮೊದಲ ಭಾಗವಾದ ಶಬ್ದಸ್ಮೃತಿ, ಅವನೇ ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ ಕರ್ಣಾಟಕ ಭಾಷಾಭೂಷಣ, ೧೨೬೦ರ ಸುಮಾರಿನ ಕೇಶಿರಾಜನ ಶಬ್ದಮಣಿದರ್ಪಣ, ೧೬೦೪ರ ಭಟ್ಟಾಕಳಂಕನ ಕರ್ಣಾಟಕ ಶಬ್ದಾನುಶಾಸನ ಇವು ಈ ಪರಂಪರೆಯ ಮುಖ್ಯಗ್ರಂಥಗಳು. ಕೇಶಿರಾಜನ ಪ್ರಕರಣಗಳೂ ಎಂಟೇ: ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ. ಆದರೆ ಇವು ಪದಜಾತಿಗಳಲ್ಲ, ಶಾಸ್ತ್ರದ ಅಂಗಗಳು. ಪದಜಾತಿಗಳೆಂದು ಅವುಗಳಿಂದ ಆರಿಸಿದರೆ ಉಳಿಯುವುವು ನಾಮ, ಕ್ರಿಯೆ, ಅವ್ಯಯ ಎಂಬ ಮೂರು. ಸರ್ವನಾಮ, ಗುಣವಚನ, ಸಂಖ್ಯೆ ಇವು ನಾಮದ ಆಶ್ರಯದಲ್ಲಿಯೇ ನಿಲ್ಲುತ್ತವೆ.

ಇನ್ನು ಕೋಲಾರದ ಸೀಮೆಗೆ ಬರೋಣವಾಗಲಿ. ಗಂಗರ ಕುವಳಾಲಪುರವೇ ಈಗಿನ ಕೋಲಾರ. ಅಲ್ಲಿನ ಕೋಲಾರಮ್ಮನ ದೇವಾಲಯದಲ್ಲಿ ರಾಜೇಂದ್ರ ಚೋಳನ ತಮಿಳು ಶಾಸನಗಳಿವೆ; ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ರೈಸರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವನ್ನು ತಿರುವಿದವರಿಗೆ ಈ ಭಾಷಾಸಂಗಮವು ಕಣ್ಣಿಗೆ ಕಟ್ಟುವುದು. ಮುಳಬಾಗಿಲು, ಶ್ರೀನಿವಾಸಪುರಗಳ ಪೂರ್ವದ ಎಲ್ಲೆಯಾಚೆ ತೆಲುಗು ನಾಡು, ಮಾಲೂರಿನ ತೆಂಕಣ ಎಲ್ಲೆಯಾಚೆ ಹೊಸೂರಿನ ತಮಿಳು ನಾಡು. ಇವಲ್ಲದೆ ಕೋಲಾರದ ಮುಸಲ್ಮಾನರ ಮನೆಗಳಲ್ಲಿ ಉರ್ದು ಬಳಕೆಯಲ್ಲಿದೆ.

ತಮಿಳರ ಪದವಿಭಾಗಕ್ಕೂ ಕೋಲಾರದ ಹೆಸರಿಗೂ ಒಂದು ಸಂಬಂಧವಿದೆಯೆಂಬುದು ಕನ್ನಡಿಗರಲ್ಲಿ ಅನೇಕರು ಗಮನಿಸದಿರುವ ವಿಷಯ. ತಮಿಳರು ಇಂದಿಗೂ ಪ್ರಮಾಣವಾಗಿ ಓದುವ ನನ್ನೂಲ್ ಎಂಬ ವ್ಯಾಕರಣವನ್ನು ಹದಿಮೂರನೆಯ ಶತಮಾನದ ಆದಿಭಾಗದಲ್ಲಿ ಪವಣಂದಿ ಎಂಬ ಜೈನಮುನಿಯು ರಚಿಸಿದನು. ಅದರ ಪಾಯಿರದಲ್ಲಿ, ಆ ಗ್ರಂಥವನ್ನು ಮಾಡಿಸಿದವನು ಅಮರಾಭರಣನೆಂಬ ಬಿರುದಿನ ಸೀಯಗಂಗನೆಂದು ಹೇಳಿದೆ. ಮೂರನೆಯ ಕುಲೋತ್ತುಂಗ ಚೋಳನ ಕಾಲದ ತಮಿಳು ಶಾಸನಗಳಲ್ಲಿ ಈ ಸೀಯಗಂಗನಿಗೆ ಗಂಗಕುಲೋದ್ಭವ, ಕುವಳಾಲಪುರದ ಒಡೆಯ ಎಂಬ ಪ್ರಶಸ್ತಿಗಳಿವೆ. ಪ್ರಶಸ್ತಿಯು ವಂಶಪಾರಂಪರ್ಯವಾಗಿ ಬಂದುದಾಗಿರಬಹುದು. ಅದರಿಂದ ಅವನು ಕೋಲಾರದಲ್ಲಿಯೇ ಕುಳಿತು ಆಳುತ್ತಿದ್ದನೆಂದು ಸಿದ್ಧವಾಗದು. ಆದರೂ ಕೋಲಾರದ ಹೆಸರನ್ನು ಹೊತ್ತ ಗಂಗನೊಬ್ಬನ ಆಶ್ರಯದಲ್ಲಿ ತಮಿಳಿನ ನನ್ನೂಲೂ, ಅದಾದ ಕೆಲವು ದಶಕಗಳಲ್ಲಿಯೇ ಕನ್ನಡದಲ್ಲಿ ಮತ್ತೊಬ್ಬ ಜೈನನಿಂದ ಶಬ್ದಮಣಿದರ್ಪಣವೂ ಹುಟ್ಟಿದುವೆಂಬುದು ಸ್ಮರಣೀಯವಾದ ಸಂಗತಿ. ನನ್ನೂಲಿನಲ್ಲಿ, ಅದಕ್ಕೂ ಹಿಂದಿನ ತೊಲ್ಕಾಪ್ಪಿಯದಲ್ಲಿ, ಪದಗಳು ನಾಲ್ಕು: ಪೆಯರ್, ವಿನೈ, ಇಡೈ, ಉರಿ. ಪೆಯರ್ ಎಂಬುದು ಹಳಗನ್ನಡದ ‘ಪೆಸರ್’, ಹೊಸಗನ್ನಡದ ‘ಹೆಸರು’. ವಿನೈ ಎಂದರೆ ಕ್ರಿಯೆ. ಉಳಿದೆರಡು ಇವುಗಳನ್ನು ಆಶ್ರಯಿಸಿ ನಿಲ್ಲತಕ್ಕವು.

ತೆಲುಗಿನಲ್ಲಿ ಚಿನ್ನಯಸೂರಿಯ ೧೮೫೮ರ ಬಾಲವ್ಯಾಕರಣವು ಸಂಸ್ಕೃತಮಾರ್ಗವನ್ನೇ ಹಿಡಿದಿದೆ. ಅನಂತರದ ತೆಲುಗು ಪಾಠಶಾಲೆಗಳಲ್ಲಿ ಭಾಷಾಭಾಗಗಳು ಐದೆಂದು ಕಲಿಸುವ ರೂಢಿ ಬಂದಿತು: ನಾಮವಾಚಕ, ಸರ್ವನಾಮ, ವಿಶೇಷಣ, ಕ್ರಿಯೆ, ಅವ್ಯಯ. ಅರಬ್ಬೀ ವೈಯಾಕರಣರು ಎಂಟನೆಯ ಶತಮಾನದ ಸೀಬವೈಹಿಯ ಕಾಲದಿಂದಲೂ ಪದಗಳನ್ನು ಇಸ್ಮ್, ಫೇಲ್, ಹರ್ಫ್ ಎಂದು ಮೂರಾಗಿ ಮಾಡಿದರು. ಉರ್ದು ವ್ಯಾಕರಣಕ್ಕೂ ಅದೇ ಆಧಾರ. ಅಲ್ಲಿಯೂ ಗುಣವಾಚಕವೂ ಸರ್ವನಾಮವೂ ಇಸ್ಮ್ ಎಂಬ ನಾಮದೊಳಗೆಯೇ ಸೇರಿವೆ.

ಈ ಎಲ್ಲವನ್ನೂ ಒಟ್ಟಾಗಿ ನೋಡಿದರೆ ಒಂದು ವಿಷಯವು ವಿದಿತವಾಗುವುದು. ಕನ್ನಡ, ತಮಿಳು, ಸಂಸ್ಕೃತ, ಅರಬ್ಬೀ ಸಂಪ್ರದಾಯಗಳಲ್ಲಿ ಹೆಸರು, ಕ್ರಿಯೆ, ಇವೆರಡೂ ಅಲ್ಲದ ಉಳಿದುವು ಎಂಬುದೇ ಮೂಲವಿಭಾಗ. ಕೋಲಾರದ ಬಾಲಕನು ಮನೆಯಲ್ಲಿ ಯಾವ ಭಾಷೆಯನ್ನಾಡಿದರೂ ಆ ಭಾಷೆಯ ಶಾಸ್ತ್ರವು ಅವನಿಗೆ ಈ ಮೂರನ್ನೇ ತೋರಿಸುತ್ತದೆ. ಎಂಟು ಬಂದದ್ದು ಇಂಗ್ಲಿಷಿನ ಹಾದಿಯಿಂದ.

೪

ಅದು ಬಂದ ಬಗೆಯನ್ನು ಸಂಗ್ರಹವಾಗಿ ಹೇಳಬಹುದು. ವಿಲಿಯಂ ಕೇರಿಯು ೧೮೧೭ರಲ್ಲಿ ಶ್ರೀರಾಮಪುರದಲ್ಲಿಯೂ, ಮೆಕೆರೆಲ್ಲನು ೧೮೨೦ರಲ್ಲಿ ಮದರಾಸಿನಲ್ಲಿಯೂ, ವೆಸ್ಲಿಯನ್ ಮಿಷನ್ನಿನ ಹಾಡ್ಸನ್ನನು ೧೮೫೯ರಲ್ಲಿ ಬೆಂಗಳೂರಿನಲ್ಲಿಯೂ ಕನ್ನಡದ ವ್ಯಾಕರಣಗಳನ್ನು ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದರು. ಇವು ಪರದೇಶದಿಂದ ಬಂದ ಅಧಿಕಾರಿಗಳಿಗೂ ಪಾದ್ರಿಗಳಿಗೂ ಕನ್ನಡವನ್ನು ಕಲಿಸಲು ಹುಟ್ಟಿದ ಗ್ರಂಥಗಳು. ಓದುವವನಿಗೆ ತಿಳಿದಿದ್ದ ಲ್ಯಾಟಿನ್ ಚೌಕಟ್ಟಿನಲ್ಲಿ ಕನ್ನಡದ ರೂಪಗಳನ್ನು ಕೂರಿಸಿ ತೋರಿಸುವುದು ಅವರಿಗೆ ಸಹಜವಾಗಿತ್ತು. ಅದರಲ್ಲಿ ದೋಷವೇನೂ ಇಲ್ಲ. ಇವುಗಳ ನಡುವೆ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯನು ೧೮೩೮ರಲ್ಲಿ ಹೊರತಂದ ಹೊಸಗನ್ನಡ ನುಡಿಗನ್ನಡಿಯು ಹೊಸಗನ್ನಡಕ್ಕೆ ಕನ್ನಡದಲ್ಲಿಯೇ ಲಕ್ಷಣವನ್ನು ಹೇಳಿದ ಕಾರಣದಿಂದ ವಿಶೇಷ ಗೌರವಕ್ಕೆ ಪಾತ್ರವಾಗಿದೆ. ಕಿಟ್ಟೆಲ್ಲರು ೧೮೭೨ರಲ್ಲಿ ಮಂಗಳೂರಿನಲ್ಲಿ ಶಬ್ದಮಣಿದರ್ಪಣವನ್ನು ಸಂಪಾದಿಸಿ ಪ್ರಕಟಿಸಿದರು. ರೈಸರು ೧೮೮೪ರಲ್ಲಿ ಭಾಷಾಭೂಷಣವನ್ನೂ, ೧೮೯೦ರಲ್ಲಿ ಶಬ್ದಾನುಶಾಸನವನ್ನೂ ಬೆಳಕಿಗೆ ತಂದರು. ೧೯೦೩ರಲ್ಲಿ ಪ್ರಕಟವಾದ ಕಿಟ್ಟೆಲ್ಲರ ವ್ಯಾಕರಣವು ಕೇಶಿರಾಜನನ್ನು ಆಧಾರವಾಗಿಟ್ಟುಕೊಂಡು ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳ ಮೂರು ಅವಸ್ಥೆಗಳನ್ನೂ ವಿವರಿಸಿತು.

ಮೈಸೂರು ಸಂಸ್ಥಾನದಲ್ಲಿ ೧೮೫೭ರಲ್ಲಿ ವಿದ್ಯಾಭ್ಯಾಸದ ಇಲಾಖೆಯು ಏರ್ಪಟ್ಟು, ೧೮೬೮ರಿಂದ ಹೋಬಳಿ ಶಾಲೆಗಳು ಹಳ್ಳಿಗಳಿಗೆ ಹಬ್ಬಿದವು. ಒಂದೇ ಬಾಲಕನು ಕನ್ನಡವನ್ನೂ, ಮುಂದಿನ ತರಗತಿಗಳಲ್ಲಿ ಇಂಗ್ಲಿಷನ್ನೂ ಓದಬೇಕಾದಾಗ, ಎರಡಕ್ಕೂ ಒಂದೇ ಪರಿಭಾಷೆಯಿದ್ದರೆ ಅನುಕೂಲವೆಂದು ತೋರಿತು. ಹೊಸ ಸಂಜ್ಞೆಗಳನ್ನು ಸೃಷ್ಟಿಸುವುದಕ್ಕಿಂತ, ಸಂಸ್ಕೃತಶಾಸ್ತ್ರದಲ್ಲಿ ಸಿದ್ಧವಾಗಿದ್ದ ಗೌರವಾನ್ವಿತವಾದ ಹೆಸರುಗಳನ್ನು ತೆಗೆದು ಇಂಗ್ಲಿಷಿನ ಜಾತಿಗಳಿಗೆ ಇಡುವುದು ಸುಲಭವಾಯಿತು. ನಾಮಪದ, ಸರ್ವನಾಮ, ವಿಶೇಷಣ, ಕ್ರಿಯಾಪದ, ಕ್ರಿಯಾವಿಶೇಷಣ, ಉಪಸರ್ಗ, ಸಮುಚ್ಚಯ, ಭಾವಸೂಚಕ ಎಂಬ ಮಾಲೆಯು ಹೀಗೆ ಕಟ್ಟಲ್ಪಟ್ಟಿತು.

ಶ್ರೀನಿವಾಸಪುರದ ಹಳೆಯ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗನಾದ ಶ್ರೀನಿವಾಸಮೂರ್ತಿಯ ಹೆಸರನ್ನು ಅದಕ್ಕೆ ಇಟ್ಟರು. ಊರು ಮೊದಲಿದ್ದ ಕಡೆಯೇ ಇದೆ. ಹೆಸರು ಮಾತ್ರ ಸಂಸ್ಕೃತವಾಯಿತು. ಪರಿಭಾಷೆಯಲ್ಲಿ ನಡೆದುದು ಇದಕ್ಕೆ ವಿಪರೀತ: ಇಲ್ಲಿ ಹೆಸರು ಹಳೆಯದೇ ಉಳಿದು, ಅದರ ಕೆಳಗಿದ್ದ ಊರು ಬದಲಾಯಿತು. ಆದುದರಿಂದಲೇ ಇಲ್ಲಿ ದಾರಿ ತಪ್ಪುವ ಸಂಭವವು ಹೆಚ್ಚು.

೫

ಈಗ ಈ ಸಂಜ್ಞೆಗಳನ್ನು ಒಂದೊಂದಾಗಿ ಪರೀಕ್ಷಿಸಬಹುದು.

ನಾಮಪದ. ಇದರಲ್ಲಿ ತೊಡಕು ಕಡಿಮೆ. ಕನ್ನಡದ ಶಾಸ್ತ್ರದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಭಾಗವಿದೆ. ‘ಊರು’ ರೂಢ, ‘ಕೋಲಾರ’ ಅಂಕಿತ, ‘ಜಾಣ’, ‘ವ್ಯಾಪಾರಿ’ ಎಂಬುವು ಅನ್ವರ್ಥ. ಮೊದಲೆರಡಕ್ಕೆ ಇಂಗ್ಲಿಷಿನಲ್ಲಿ ಸಮಾನವಾದ ಭೇದಗಳಿವೆ, ಮೂರನೆಯದಕ್ಕೆ ಇಲ್ಲ. ‘ಮೂಡಲ ಬಾಗಿಲು’ ಎಂಬುದು ಮೊದಲು ಅನ್ವರ್ಥವಾಗಿದ್ದು, ಅರ್ಥವು ಮರೆತುಹೋಗಿ ‘ಮುಳಬಾಗಿಲು’ ಎಂದಾದಾಗ ಕೇವಲ ಅಂಕಿತವಾಯಿತು. ಹೀಗೆ ಹೆಸರಿನ ಚರಿತ್ರೆಯನ್ನು ಹೇಳುವ ಶಕ್ತಿಯು ಹಳೆಯ ವಿಭಾಗಕ್ಕಿದೆ.

ಸರ್ವನಾಮ. ಇಂಗ್ಲಿಷಿನ ಪ್ರೊನೌನ್ ಎಂಬುದಕ್ಕೆ ನಾಮದ ಬದಲಿಗೆ ನಿಲ್ಲುವುದೆಂದು ಅರ್ಥ. ಸಂಸ್ಕೃತದಲ್ಲಿ ಸರ್ವನಾಮವೆಂಬುದು ‘ಸರ್ವ’ ಶಬ್ದವು ಮೊದಲಾಗಿರುವ ಮೂವತ್ತೈದು ಶಬ್ದಗಳ ಗಣಕ್ಕೆ ಇಟ್ಟ ಹೆಸರು. ಸರ್ವಸ್ಮೈ, ಸರ್ವಸ್ಮಾತ್, ಸರ್ವಸ್ಮಿನ್ ಎಂಬಂತಹ ವಿಶೇಷರೂಪಗಳು ಬರುವುದೇ ಆ ಗಣಕ್ಕೆ ಪ್ರಯೋಜನ. ಎಲ್ಲಕ್ಕೂ ಹೆಸರಾಗಬಲ್ಲುದರಿಂದ ಸರ್ವನಾಮವೆಂದು ಅದು ಅನ್ವರ್ಥಸಂಜ್ಞೆಯೂ ಆಗಿದೆ. ಒಬ್ಬನ ಅಂಕಿತನಾಮವಾದಾಗ ‘ಸರ್ವ’ ಶಬ್ದಕ್ಕೆ ಆ ಸಂಜ್ಞೆಯಿಲ್ಲ. ‘ಸರ್ವಸ್ಮಿನ್ ಗ್ರಾಮೇ’ ಎಂಬಲ್ಲಿ ‘ಸರ್ವ’ ಶಬ್ದವು ಯಾವ ನಾಮದ ಬದಲಿಗೂ ನಿಂತಿಲ್ಲ. ಹೊಸ ಲಕ್ಷಣದಂತೆ ನೋಡಿದರೆ, ಸರ್ವನಾಮಕ್ಕೆ ಹೆಸರನ್ನು ಕೊಟ್ಟ ಶಬ್ದವೇ ಅಲ್ಲಿ ಸರ್ವನಾಮವಲ್ಲದಂತಾಗುವುದು! ಕನ್ನಡದಲ್ಲಿ ಈ ತೊಂದರೆಯು ಸಹಜವಾಗಿ ಪರಿಹಾರವಾಗಿದೆ. ಇಂಗ್ಲಿಷಿನಲ್ಲಿ ‘ದಟ್’ ಎಂಬ ಒಂದೇ ಶಬ್ದವು ಒಂಟಿಯಾಗಿ ನಿಂತಾಗ ಒಂದು ಜಾತಿ, ನಾಮದ ಹಿಂದೆ ನಿಂತಾಗ ಇನ್ನೊಂದು ಜಾತಿ. ಕನ್ನಡದಲ್ಲಿ ಒಂಟಿಯಾಗಿ ನಿಲ್ಲುವುದು ‘ಅದು’, ‘ಅವನು’; ನಾಮದ ಹಿಂದೆ ಬರುವುದು ‘ಆ’. ರೂಪವೇ ಭೇದವನ್ನು ತೋರಿಸುವುದರಿಂದ ಬಾಲಕನು ಅರ್ಥವನ್ನು ತಡಕಾಡಬೇಕಾಗಿಲ್ಲ.

ವಿಶೇಷಣ. ಎಲ್ಲಕ್ಕಿಂತ ಹೆಚ್ಚಿನ ವಿಚಾರಕ್ಕೆ ಎಡೆಯಿರುವುದು ಇಲ್ಲಿಯೇ. ಸಂಸ್ಕೃತದಲ್ಲಿ ವಿಶೇಷಣವೆಂಬುದು ಪದದ ಜಾತಿಯಲ್ಲ, ಪದಗಳ ನಡುವಿನ ಸಂಬಂಧ. ನೀಲೋತ್ಪಲವೆಂಬಲ್ಲಿ ‘ನೀಲ’ವು ವಿಶೇಷಣ, ‘ಉತ್ಪಲ’ವು ವಿಶೇಷ್ಯ, ಬೇರೆ ಪ್ರಸಂಗದಲ್ಲಿ ಅದೇ ‘ನೀಲ’ ಶಬ್ದವು ವಿಶೇಷ್ಯವಾಗಬಹುದು. ಜಾತಿಯನ್ನು ಹೇಳಬೇಕಾದರೆ ಶಾಸ್ತ್ರದಲ್ಲಿ ‘ಗುಣವಚನ’ವೆಂಬ ಬೇರೆ ಮಾತಿದೆ, ಕನ್ನಡದಲ್ಲಿಯೂ ಆ ಮಾತು ಬಳಕೆಯಲ್ಲಿತ್ತು. ಸಂಬಂಧದ ಹೆಸರನ್ನು ಜಾತಿಗೆ ಇಟ್ಟುದರಿಂದ, ನಾಮಕ್ಕೆ ಹಿಂದೆ ಬಂದುದೆಲ್ಲ ಒಂದೇ ಜಾತಿಯದೆಂಬ ಭ್ರಾಂತಿಯು ಹುಟ್ಟಿತು.

ಕನ್ನಡದಲ್ಲಿ ನಾಮದ ಹಿಂದೆ ಬರುವ ಪದಗಳು ಬೇರೆ ಬೇರೆ ಹುಟ್ಟಿನವು. ‘ಹೊಸ’, ‘ಹಳೆ’, ‘ಬಿಳಿ’, ‘ಕಿರು’ ಎಂಬುವು ಒಂದು ಗುಂಪು. ಇವು ತಾವಾಗಿ ವಿಭಕ್ತಿಯನ್ನು ಹೊಂದವು. ‘ಹೊಸದು’, ‘ಹೊಸಬ’ ಎಂದು ನಾಮವಾದ ಮೇಲೆ ಮಾತ್ರ ಹೊಂದುವುವು. ‘ಮೂಡಲ’, ‘ಕಲ್ಲಿನ’, ‘ಮರದ’ ಎಂಬುವು ಎರಡನೆಯ ಗುಂಪು. ಇವು ಷಷ್ಠಿಯಲ್ಲಿರುವ ನಾಮಗಳು. ‘ಬಂದ’, ‘ಬರುವ’, ‘ಬಾರದ’ ಎಂಬುವು ಮೂರನೆಯ ಗುಂಪು. ಇವು ಧಾತುವಿನಿಂದ ಹುಟ್ಟಿದ ಕೃದಂತಗಳು. ‘ಸುಂದರವಾದ’ ಎಂಬಂತಹವು ಸಂಸ್ಕೃತ ಶಬ್ದಕ್ಕೆ ‘ಆಗು’ ಧಾತುವಿನ ಕೃದಂತವು ಸೇರಿ ಆದುವು. ಇವೆಲ್ಲವನ್ನೂ ವಿಶೇಷಣವೆಂಬ ಒಂದೇ ಮಾತಿನಿಂದ ಗುರುತಿಸಿ ಮುಂದೆ ಹೋದರೆ, ಬಾಲಕನಿಗೆ ಕನ್ನಡದ ಪದರಚನೆಯು ಎಂದಿಗೂ ತಿಳಿಯದು. ಮೂಡು ಎಂಬುದು ಉದಯಿಸು ಎಂಬ ಧಾತು. ಅದೇ ಉದಯದ ದಿಕ್ಕಿಗೆ ಹೆಸರು. ‘ಮೂಡಲ್’ ಆಗಿ ಷಷ್ಠಿಯನ್ನು ಹೊಂದಿ ಬಾಗಿಲಿಗೆ ವಿಶೇಷಣ. ಹೀಗೆ ಒಂದೇ ಮೂಲವು ಕ್ರಿಯೆಯಾಗಿ, ನಾಮವಾಗಿ, ವಿಶೇಷಣವಾಗಿ ನಡೆದುಬರುವ ದಾರಿಯನ್ನು ತೋರಿಸುವುದೇ ವ್ಯಾಕರಣದ ಕೆಲಸ.

ಹಾಗೆಂದು ಕನ್ನಡದಲ್ಲಿ ಗುಣವಾಚಕವೆಂಬ ಜಾತಿಯೇ ಇಲ್ಲವೆಂದು ಹಠ ಹಿಡಿಯುವುದೂ ಸರಿಯಲ್ಲ. ‘ಹೊಸ’, ‘ಬಿಳಿ’ ಮೊದಲಾದುವು ನಾಮದಂತೆ ನಡೆಯವು, ಕ್ರಿಯೆಯಂತೆಯೂ ನಡೆಯವು. ಈ ಕಾಲದ ಭಾಷಾಶಾಸ್ತ್ರಜ್ಞರಲ್ಲಿ ಡಿ. ಎನ್. ಶಂಕರ ಭಟ್ಟರು ಗುಣಪದಗಳ ವರ್ಗವನ್ನೇ ವಿಷಯವಾಗಿಟ್ಟುಕೊಂಡು ೧೯೯೪ರಲ್ಲಿ ಇಂಗ್ಲಿಷಿನಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಕನ್ನಡ ವ್ಯಾಕರಣವು ಸಂಸ್ಕೃತದ ಅಚ್ಚಿನಿಂದಲೂ ಬಿಡುಗಡೆಯಾಗಬೇಕೆಂದು ವಾದಿಸಿ, ಹೆಸರುಪದ, ಎಸಕಪದ, ಪರಿಚೆಪದ ಎಂಬ ದೇಶ್ಯ ಸಂಜ್ಞೆಗಳನ್ನು ಅವರು ಬಳಸಿದರು. ಪರಿಚೆಪದಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿದೆ. ಅವರ ಸಂಜ್ಞೆಗಳನ್ನು ಒಪ್ಪುವುದೂ ಬಿಡುವುದೂ ವಿದ್ವಾಂಸರ ಇಚ್ಛೆ. ಆದರೆ ‘ಹೆಸರುಪದ’ವು ತಮಿಳರ ‘ಪೆಯರ್ಚ್ಚೊಲ್’ ಎಂಬುದರ ಒಡಹುಟ್ಟಿನ ಮಾತೆಂಬುದನ್ನು ಮಾಲೂರಿನ ಗಡಿಯಲ್ಲಿ ಪಾಠ ಹೇಳುವವರು ಬೇಗನೆ ಕಾಣುವರು.

ಕ್ರಿಯಾಪದ, ಕ್ರಿಯಾವಿಶೇಷಣ. ಕ್ರಿಯಾಪದದಲ್ಲಿ ವಿವಾದವಿಲ್ಲ. ಕ್ರಿಯಾವಿಶೇಷಣವು ಸಂಸ್ಕೃತದಲ್ಲಿ ನಪುಂಸಕಲಿಂಗದ ದ್ವಿತೀಯಾ ಏಕವಚನದಲ್ಲಿ ಬರತಕ್ಕ ನಾಮ. ಅಲ್ಲಿಯೂ ಅದು ಸಂಬಂಧದ ಹೆಸರೇ. ಕನ್ನಡದಲ್ಲಿ ‘ಮೆಲ್ಲನೆ’, ‘ತಟ್ಟನೆ’ ಎಂಬುವು ಶುದ್ಧವಾದ ಅವ್ಯಯಗಳು. ‘ಚೆನ್ನಾಗಿ’ ಎಂಬುದು ‘ಚೆನ್ನು’ ಎಂಬುದಕ್ಕೆ ‘ಆಗಿ’ ಎಂಬ ಕೃದಂತಾವ್ಯಯವು ಸೇರಿದ ರೂಪ. ‘ಓಡಿ ಬಂದನು’ ಎಂಬಲ್ಲಿ ‘ಓಡಿ’ ಎಂಬುದು ಬಂದ ರೀತಿಯನ್ನು ತಿಳಿಸಿದರೂ ಅದು ಸ್ವತಃ ಒಂದು ಕ್ರಿಯೆ. ಗ್ರೀಕರ ಪಟ್ಟಿಯಲ್ಲಿ ಸ್ವತಂತ್ರವಾಗಿದ್ದು ಇಂಗ್ಲಿಷಿನ ಪಟ್ಟಿಯಿಂದ ಬಿದ್ದುಹೋದ ಕೃದಂತವೇ ಕನ್ನಡಕ್ಕೆ ಅತ್ಯಾವಶ್ಯಕವಾದುದೆಂಬುದು ಇಲ್ಲಿ ಗಮನಿಸತಕ್ಕ ಅಂಶ. ತಮಿಳರು ‘ಬಂದ’ ಎಂಬಂತಹ ರೂಪವನ್ನು ಪೆಯರೆಚ್ಚಂ ಎಂದೂ ‘ಬಂದು’ ಎಂಬಂತಹುದನ್ನು ವಿನೈಯೆಚ್ಚಂ ಎಂದೂ ಕರೆಯುತ್ತಾರೆ. ಪೂರ್ತಿಯಾಗಲು ಒಂದು ಹೆಸರನ್ನು ಬಯಸುವ ಕ್ರಿಯಾಶೇಷ ಒಂದು, ಇನ್ನೊಂದು ಕ್ರಿಯೆಯನ್ನು ಬಯಸುವ ಕ್ರಿಯಾಶೇಷ ಇನ್ನೊಂದು ಎಂಬುದು ಅದರ ಭಾವ. ಕನ್ನಡ ವಾಕ್ಯದ ನಡೆಯನ್ನು ಇಷ್ಟು ಸೂಕ್ಷ್ಮವಾಗಿ ತಿಳಿಸುವ ಮಾತು ಇಂಗ್ಲಿಷಿನ ಎಂಟರಲ್ಲಿ ಒಂದೂ ಇಲ್ಲ. ‘ನಿನ್ನೆ ಬಂದ ಹುಡುಗ’ ಎಂಬುದನ್ನು ಇಂಗ್ಲಿಷಿಗೆ ತಿರುಗಿಸುವಾಗ ‘ಹೂ’ ಎಂಬ ಸಂಬಂಧಸರ್ವನಾಮವು ಬೇಕಾಗುವುದು. ಹಿಂದಿರುಗಿ ತರುವಾಗ ಆ ಸರ್ವನಾಮವು ಕರಗಿ ಕೃದಂತದಲ್ಲಿ ಸೇರಬೇಕು. ಇದನ್ನರಿಯದೆ ‘ಯಾವ ಹುಡುಗನು ನಿನ್ನೆ ಬಂದನೋ ಅವನು’ ಎಂದು ಎಲ್ಲೆಲ್ಲಿಯೂ ಬರೆಯುವ ಶೈಲಿಯು ಭಾಷಾಂತರಗಳಲ್ಲಿ ಹಬ್ಬಿತು.

ಉಪಸರ್ಗ. ಇಂಗ್ಲಿಷಿನ ಪ್ರಿಪೊಸಿಷನ್ನಿಗೆ ಈ ಹೆಸರನ್ನಿಟ್ಟುದು ಎಲ್ಲಕ್ಕಿಂತ ದೊಡ್ಡ ಪ್ರಮಾದ. ಪ್ರ, ಪರಾ ಮೊದಲಾದ ಇಪ್ಪತ್ತೆರಡು ಶಬ್ದಗಳು ಕ್ರಿಯೆಯೊಡನೆ ಕೂಡಿದಾಗ ಮಾತ್ರ ಉಪಸರ್ಗಗಳು. ಬಿಡಿಯಾಗಿ ಅವುಗಳಿಗೆ ಅರ್ಥವೇ ಇಲ್ಲವೆಂದು ಶಾಕಟಾಯನನೂ, ಉಂಟೆಂದು ಗಾರ್ಗ್ಯನೂ ವಾದಿಸಿದುದನ್ನು ಯಾಸ್ಕನು ತಿಳಿಸಿದ್ದಾನೆ. ಇಂಗ್ಲಿಷಿನ ಪ್ರಿಪೊಸಿಷನ್ ಆದರೋ ನಾಮದ ಹಿಂದೆ ನಿಂತು ಅದನ್ನು ಆಳುವುದು. ಸಂಸ್ಕೃತದಲ್ಲಿಯೇ ಇದಕ್ಕೆ ಸರಿಹೋಗುವ ಸಂಜ್ಞೆಯೊಂದಿದೆ: ಅದೇ ಪ್ರಾದಿಗಳಲ್ಲಿ ಕೆಲವು ಕ್ರಿಯೆಯೊಡನೆ ಕೂಡದೆ ನಾಮದ ವಿಭಕ್ತಿಗೆ ನಿಮಿತ್ತವಾದಾಗ ಅವನ್ನು ಪಾಣಿನಿಯು ‘ಕರ್ಮಪ್ರವಚನೀಯ’ ಎಂದು ಕರೆದನು. ಉಚ್ಚಾರಣೆಗೆ ಭಾರವೆಂದು ಅದನ್ನು ಬಿಟ್ಟರೋ, ನೆನಪಿಗೆ ಬಾರದೆ ಬಿಟ್ಟರೋ ತಿಳಿಯದು. ಸಮೀಪದ ಸಂಜ್ಞೆಯು ದೂರವಾಗಿ, ದೂರದ ಸಂಜ್ಞೆಯು ಸಮೀಪಕ್ಕೆ ಬಂದಿತು.

ಕನ್ನಡಕ್ಕಂತೂ ಎರಡೂ ಬೇಕಾಗಿಲ್ಲ. ಇಂಗ್ಲಿಷಿನ ‘ಇನ್’ ಎಂಬುದು ಕನ್ನಡದಲ್ಲಿ ಪದವಾಗಿ ಬರುವುದಿಲ್ಲ. ‘ಊರಲ್ಲಿ’ ಎಂದು ಸಪ್ತಮಿಯ ಪ್ರತ್ಯಯವಾಗಿ ಬರುತ್ತದೆ. ‘ಆನ್’ ಎಂಬುದು ‘ಮರದ ಮೇಲೆ’ ಎಂದು, ಷಷ್ಠಿಯಲ್ಲಿರುವ ನಾಮದ ಮುಂದೆ ‘ಮೇಲೆ’ ಎಂಬುದಾಗಿ ಬರುತ್ತದೆ. ಆ ‘ಮೇಲೆ’ಯೂ ‘ಮೇಲು’ ಎಂಬ ನಾಮದಿಂದ ಬಂದುದೇ. ‘ಒಳಗೆ’ ಎಂಬುದರ ಮೂಲ ‘ಒಳಗು’. ಇಂಗ್ಲಿಷಿನಲ್ಲಿ ಹಿಂದೆ ನಿಲ್ಲುವುದು ಕನ್ನಡದಲ್ಲಿ ಮುಂದೆ ನಿಲ್ಲುತ್ತದೆ, ಇಲ್ಲವೆ ಪ್ರತ್ಯಯದಲ್ಲಿ ಲೀನವಾಗುತ್ತದೆ. ಶ್ರೀನಿವಾಸಪುರದ ತೆಲುಗು ಮನೆಯ ಬಾಲಕನು ‘ಊರಿಲೋ’ ಎನ್ನುತ್ತಾನೆ, ಮಾಲೂರಿನ ಗಡಿಯ ತಮಿಳು ಮನೆಯ ಬಾಲಕನು ‘ಊರಿಲ್’ ಎನ್ನುತ್ತಾನೆ. ಕನ್ನಡದ ‘ಊರಲ್ಲಿ’ ಎಂಬುದು ಇಬ್ಬರಿಗೂ ತಮ್ಮದೇ ಎಂದು ತೋರುವುದು. ಅವರಿಗೆ ಕನ್ನಡದ ಸಪ್ತಮಿಯನ್ನು ಉಪಸರ್ಗವೆಂಬ ಮಾತಿನ ಮೂಲಕ ಕಲಿಸುವುದು, ನೆರೆಮನೆಗೆ ಹೋಗಲು ಸಮುದ್ರವನ್ನು ದಾಟಿಸಿದಂತೆ.

ಸಮುಚ್ಚಯ, ಭಾವಸೂಚಕ. ಸಮುಚ್ಚಯವೆಂಬುದು ಸಂಸ್ಕೃತದಲ್ಲಿ ‘ಚ’ಕಾರದ ನಾಲ್ಕು ಅರ್ಥಗಳಲ್ಲಿ ಒಂದು. ಜೋಡಿಸುವ ಪದಗಳಿಗೆಲ್ಲ ಈ ಹೆಸರನ್ನಿಟ್ಟರೆ, ವಿಕಲ್ಪವನ್ನು ಹೇಳುವ ‘ಅಥವಾ’ ಕೂಡ ಸಮುಚ್ಚಯವೆನಿಸಿ ವಿರೋಧವುಂಟಾಗುವುದು. ‘ಸಂಯೋಜಕ’ವೆಂಬ ಮಾತು ಮೇಲು. ಕನ್ನಡದಲ್ಲಿ ಜೋಡಣೆಯು ಸಾಮಾನ್ಯವಾಗಿ ‘ತಾಯಿಯೂ ಮಗನೂ’ ಎಂಬಂತೆ ಕೊನೆಯ ಸ್ವರದಿಂದಲೇ ನಡೆಯುವುದನ್ನು ಮರೆಯಬಾರದು. ಭಾವಸೂಚಕದಲ್ಲಿ ಹೇಳಬೇಕಾದುದು ಹೆಚ್ಚೇನೂ ಇಲ್ಲ. ಅದು ಅವ್ಯಯದ ಒಂದು ಭೇದ.

೬

ಇಷ್ಟು ವಿಚಾರದಿಂದ ಫಲಿಸುವುದೇನು? ರೂಢಿಗೆ ಬಂದ ಸಂಜ್ಞೆಗಳನ್ನು ಕಿತ್ತೆಸೆಯುವುದು ಸಾಧ್ಯವೂ ಅಲ್ಲ, ಹಿತವೂ ಅಲ್ಲ. ಇಂಗ್ಲಿಷನ್ನು ಕನ್ನಡದ ಮೂಲಕ ಕಲಿಸುವಾಗ ಅವು ಬೇಕು. ಅವು ಇಂಗ್ಲಿಷಿನ ಜಾತಿಗಳಿಗೆ ಇಟ್ಟ ಸಂಕೇತಗಳೆಂದು ತಿಳಿದು ಬಳಸಿದರೆ ಬಾಧಕವಿಲ್ಲ. ಉಪಸರ್ಗ, ಸಮುಚ್ಚಯ ಎಂಬೆರಡನ್ನು ಮಾತ್ರ ತಿದ್ದಿಕೊಳ್ಳುವುದು ಯುಕ್ತ. ಕನ್ನಡವನ್ನು ಕಲಿಸುವಾಗ ನಾಮ, ಕ್ರಿಯೆ, ಅವ್ಯಯ ಎಂಬ ಮೂರನ್ನು ಮೊದಲು ನಿಲ್ಲಿಸಿ, ಅನಂತರ ಕೃದಂತವನ್ನೂ ಗುಣವಾಚಕವನ್ನೂ ಅವುಗಳ ನಡುವೆ ಇಟ್ಟು ತೋರಿಸಬೇಕು. ವಿಶೇಷಣವೆಂಬುದನ್ನು ವಾಕ್ಯದಲ್ಲಿನ ಸಂಬಂಧಕ್ಕೆ ಮೀಸಲಾಗಿಡಬೇಕು. ಆಗ ‘ಮೂಡಲ’ ಎಂಬುದು ಜಾತಿಯಿಂದ ನಾಮ, ರೂಪದಿಂದ ಷಷ್ಠ್ಯಂತ, ಸಂಬಂಧದಿಂದ ವಿಶೇಷಣ ಎಂದು ಹೇಳಿದ ಬಾಲಕನಿಗೆ ಪೂರ್ಣವಾದ ಅಂಕಗಳು ಸಲ್ಲುವುವು.

ಗಡಿಸೀಮೆಯ ಭಾಷಾಸಾಂಕರ್ಯವು ಕನ್ನಡದ ಬೋಧನೆಗೆ ಅಡ್ಡಿಯೆಂದು ಹೇಳುವವರುಂಟು. ಚರಿತ್ರೆಯು ಹಾಗೆ ಹೇಳುವುದಿಲ್ಲ. ಮಾಲೂರು ತಾಲ್ಲೂಕಿನಲ್ಲಿ ೧೮೯೧ರಲ್ಲಿ ಹುಟ್ಟಿ, ಮನೆಯಲ್ಲಿ ತಮಿಳನ್ನಾಡುತ್ತ ಬೆಳೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೨೯ರ ಬೆಳಗಾವಿಯ ಸಾಹಿತ್ಯ ಸಮ್ಮೇಳನಕ್ಕೂ, ಮುಳಬಾಗಿಲಿನಲ್ಲಿ ೧೮೮೭ರಲ್ಲಿ ಹುಟ್ಟಿದ ಡಿ. ವಿ. ಗುಂಡಪ್ಪನವರು ೧೯೩೨ರ ಮಡಿಕೇರಿಯ ಸಮ್ಮೇಳನಕ್ಕೂ ಅಧ್ಯಕ್ಷರಾಗಿದ್ದರು. ಅವರ ಗದ್ಯದ ಹದವು ಎರಡು ಮೂರು ಭಾಷೆಗಳ ನಡುವೆ ಬೆಳೆದ ಕಿವಿಗೆ ಕನ್ನಡವು ಅನ್ಯವಾಗದೆಂಬುದಕ್ಕೆ ಸಾಕ್ಷಿ. ಕನ್ನಡ, ತೆಲುಗು, ತಮಿಳುಗಳ ಪದರಚನೆಯು ಒಂದೇ ಬಗೆಯದು. ಅದನ್ನು ಒಂದೇ ಬಗೆಯ ಸಂಜ್ಞೆಗಳಿಂದ ತೋರಿಸಿದರೆ, ಮನೆಯಲ್ಲಿ ಕಲಿತ ನುಡಿಯು ಶಾಲೆಯಲ್ಲಿ ಕಲಿಯುವ ನುಡಿಗೆ ಮೆಟ್ಟಿಲಾಗುವುದು. ಉಪಾಧ್ಯಾಯರು ಸಂಜ್ಞೆಗಳ ಪೂರ್ವಚರಿತ್ರೆಯನ್ನು ತಿಳಿದಿರುವುದು ಈ ಕಾರಣದಿಂದಲೇ ಆವಶ್ಯಕ.